ಬಣ್ಣ ಹಿಡಿಯದ ಗಾಜು

ಬೆಳಗಿನಿಂದ ಅವನಿಗೆ ತನ್ನ ಬಲಗೈಯ ಹೆಬ್ಬೆರಳು ತನ್ನದಲ್ಲವೆನಿಸುತ್ತಿತ್ತು. ನೋವಿಲ್ಲ, ಬಾವಿಲ್ಲ. ಹಲ್ಲುಜ್ಜುವಾಗ, ಅಂಗಿಯ ಗುಂಡಿ ಹಾಕುವಾಗ, ಬಸ್ಸಿನ ಕಂಬಿ ಹಿಡಿದಾಗ ಉಳಿದ ನಾಲ್ಕು ಬೆರಳು ಅವನ ಮಾತು ಕೇಳುತ್ತಿದ್ದವು, ಇದೊಂದು ಮಾತ್ರ ಬೇರೆ ಯಾರದೋ ಮಾತಿಗೆ ಕಾಯುತ್ತಿರುವಂತಿತ್ತು. ಆಸ್ಪತ್ರೆಯ ಹಿಂಬಾಗಿಲಿನಿಂದ ಒಳಗೆ ಬಂದು, ಲ್ಯಾಬಿನಲ್ಲಿ ಬಿಳಿ ಕೋಟು ತೊಟ್ಟು, ಡಾಕ್ಟರಮ್ಮ ಮೇಜಿನ ಮೇಲೆ ಇಟ್ಟುಹೋಗಿದ್ದ ಪಟ್ಟಿಯನ್ನು ಇನ್ನೊಂದು ಸಲ ಓದಿದ. ಪಟ್ಟಿ ನಿನ್ನೆ ಸಂಜೆಯೇ ಕೈಗೆ ಸಿಕ್ಕಿತ್ತು. ನಿನ್ನೆ ಓದಿದಾಗ ಹದಿನೇಳನೆಯ ಸಾಲಿನಲ್ಲಿ ೨೨೧೭ ಎಂದಿತ್ತು, ಇವತ್ತೂ ಹಾಗೇ ಇದೆ. ಬೆಳಗಾಗುವುದರೊಳಗೆ ಒಂದು ಅಂಕಿಯಾದರೂ ಬದಲಾಗಿರಬಹುದು ಎಂದು ಯಾಕೆ ಅಂದುಕೊಂಡಿದ್ದನೋ, ಐವತ್ತೊಂದು ವರ್ಷದ ಮನುಷ್ಯ.

ಡಾಕ್ಟರಮ್ಮ ಈ ಲ್ಯಾಬಿಗೆ ಬಂದು ಎರಡು ವರ್ಷ. ವಯಸ್ಸಿನಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವಳಾದರೂ ಮೈಕ್ರೋಸ್ಕೋಪಿನ ಮುಂದೆ ಕೂತರೆ ಅಜ್ಜಿಯ ತಾಳ್ಮೆ. ಹದಿನೈದು ವರ್ಷದ ಹಿಂದೆ ಇಲ್ಲಿ ಸ್ತನದ ಕ್ಯಾನ್ಸರಿಗೆ ಆಪರೇಷನ್ ಮಾಡಿಸಿಕೊಂಡ ಇನ್ನೂರು ಹೆಂಗಸರ ಅಂಗಾಂಶವನ್ನು ಮತ್ತೆ ಹೊರತೆಗೆದು, ಹೊಸದಾಗಿ ಬಣ್ಣಕ್ಕೆ ಹಾಕಿ, ಆ ಬಣ್ಣಕ್ಕೂ ಅವರು ಆಮೇಲೆ ಬದುಕಿದ ವರ್ಷಗಳಿಗೂ ನಂಟಿದೆಯೇ ಎಂದು ನೋಡುವುದು ಆಕೆಯ ಅಧ್ಯಯನ. ಜೀವಕೋಶದೊಳಗೆ ಒಂದು ಕಾವಲು ಪ್ರೋಟೀನು ಇರುತ್ತದೆ. ಕೋಶ ಕೆಟ್ಟು ಹದ್ದುಮೀರಿ ಬೆಳೆಯಲು ಹೊರಟರೆ ತಡೆಯುವುದು ಅದರ ಕೆಲಸ. ಕಾವಲು ನೆಟ್ಟಗಿದ್ದರೆ ತನ್ನ ಕೆಲಸ ಮುಗಿಸಿ ಕರಗಿಹೋಗುತ್ತದೆ, ಬಣ್ಣ ಹಾಕಿದಾಗ ಅಲ್ಲೊಂದು ಇಲ್ಲೊಂದು ಕೋಶದ ನಡುವೆ ತೆಳ್ಳಗೆ ಕಂದು ಕಾಣುತ್ತದೆ, ಅಷ್ಟೆ. ಕಾವಲೇ ಕೆಟ್ಟಿದ್ದರೆ ಕರಗುವುದಿಲ್ಲ. ಕೆಲಸ ಮಾಡದೆ ಜಾಗ ಹಿಡಿದು ರಾಶಿ ಬೀಳುತ್ತದೆ, ಗಾಜಿನ ತುಂಬ ಗಾಢ ಕಂದು. ಹದಿನೈದು ವರ್ಷದ ಹಿಂದೆ ಈ ಬಣ್ಣ ಹಾಕುವ ಕೆಲಸ ಕೈಯಿಂದಲೇ ನಡೆಯುತ್ತಿತ್ತು, ಹಾಕುತ್ತಿದ್ದವನು ಇವನೇ. ಪಟ್ಟಿಯಲ್ಲಿ ಹೆಸರುಗಳಿಲ್ಲ, ಸಂಖ್ಯೆ ಮಾತ್ರ. ಹೆಸರು ಗೊತ್ತಿದ್ದರೆ ಕಣ್ಣು ತನಗೆ ಬೇಕಾದ್ದನ್ನೇ ನೋಡುತ್ತದೆ ಎನ್ನುವುದು ಆಕೆಯ ವಾದ. ಇನ್ನೂರರಲ್ಲಿ ನೂರಾ ತೊಂಬತ್ತೊಂಬತ್ತು ಅವನಿಗೂ ಬರೀ ಸಂಖ್ಯೆಯೇ. ೨೨೧೭ ಅವನ ಅಕ್ಕ.

"ಗಡಿಯಾರದಣ್ಣ, ಇಕೊಳ್ಳಿ," ಎಂದು ವಾರ್ಡಿನ ಆಯಾ ಒಂದು ಡಬ್ಬಿಯನ್ನು ಕಿಟಕಿಯಲ್ಲಿ ತೂರಿಸಿ ನಾಲಿಗೆ ಕಚ್ಚಿಕೊಂಡಳು. ಬೆನ್ನ ಹಿಂದೆ ಎಲ್ಲರೂ ಕರೆಯುವ ಹೆಸರು ಎದುರಿಗೇ ಬಾಯಿಂದ ಜಾರಿತ್ತು. ಅವನು ಡಬ್ಬಿ ತಿರುಗಿಸಿ ನೋಡಿದ. ರೋಗಿಯ ಸಂಖ್ಯೆ ಇದೆ, ತೆಗೆದ ಹೊತ್ತು ಬರೆದಿಲ್ಲ. "ಎಷ್ಟು ಹೊತ್ತಿಗೆ ತೆಗೆದದ್ದು?" "ಈಗ್ಲೇ ಸರ್, ಒಂದು... ಮುಕ್ಕಾಲು ಗಂಟೆ ಆಗಿರಬೇಕು. ಟೀ ಕುಡಿದು ಬಂದೆ." "ಮುಕ್ಕಾಲು ಗಂಟೆ! ನೀವು ಟೀ ಕುಡೀತಿರ್ತೀರಿ, ಇದು ಇಲ್ಲಿ ಸಾಯ್ತಿರುತ್ತೆ. ಮೈಯಿಂದ ಹೊರಗೆ ಬಂದ ನಿಮಿಷದಿಂದ ಕೊಳೆಯೋಕೆ ಶುರು. ಫಾರ್ಮಲಿನ್‌ಗೆ ಬೀಳೋವರೆಗೂ ಒಂದೊಂದು ನಿಮಿಷಾನೂ ಲೆಕ್ಕ. ಗೋಡೆ ಮೇಲೆ ಅಷ್ಟು ದೊಡ್ಡದಾಗಿ ಬರೆದು ಹಾಕಿದ್ದೀನಿ, ಓದೋಕೆ ಬರಲ್ವಾ?" ಗೋಡೆಯ ಮೇಲಿನ ಬೋರ್ಡು ಅವನದೇ ಕೈಬರಹ. ಎಂಟು ವರ್ಷದ ಹಿಂದೆ ನಿಯಮ ಬಂದಾಗ ತಾನೇ ಬರೆದು, ತಾನೇ ಸ್ಟೂಲು ಹತ್ತಿ ಮೊಳೆ ಹೊಡೆದಿದ್ದ. ಆಯಾ ಮುಖ ಸಣ್ಣ ಮಾಡಿಕೊಂಡು ಹೋದಳು. ಬೈದದ್ದು ಜಾಸ್ತಿಯಾಯಿತು ಎಂದು ಅವನಿಗೂ ಅನಿಸಿತು. ಬೇರೆ ಯಾರ ಮೇಲಿನ ಸಿಟ್ಟನ್ನೋ ಆ ಹೆಂಗಸಿನ ಮೇಲೆ ಕಾರಿಕೊಂಡಂತಿತ್ತು, ಆದರೆ ಯಾರ ಮೇಲೆ ಎಂದು ಹುಡುಕಲು ಹೋಗಲಿಲ್ಲ. ಡಬ್ಬಿ ತೆರೆದು, ಅಂಗಾಂಶ ಕೊಳೆಯದಂತೆ ಹಿಡಿದಿಡುವ ಫಾರ್ಮಲಿನ್ ಸುರಿದ. ಕಣ್ಣು ಉರಿಯಿತು.

ಬ್ಲಾಕುಗಳನ್ನು ಇಡುವ ಕೋಣೆ ನೆಲಮಾಳಿಗೆಯಲ್ಲಿ. ಬ್ಲಾಕೆಂದರೆ ಬೆಂಕಿಪೆಟ್ಟಿಗೆಗಿಂತ ಚಿಕ್ಕ ಮೇಣದ ಚೌಕ, ನಡುವೆ ಉಗುರಿನಷ್ಟು ಅಂಗಾಂಶ. ಸಾಲು ಸಾಲು ಕಬ್ಬಿಣದ ಅಲಮಾರು, ಒಂದೊಂದರಲ್ಲೂ ಕೈಯಗಲದ ನೂರಾರು ಖಾನೆ. ಒಂದು ಊರಿಗೆ ಊರೇ ಚೂರುಚೂರಾಗಿ ಇಲ್ಲಿ ವರ್ಷವಾರು ಜೋಡಿಸಿಕೊಂಡು ಕೂತಿತ್ತು. ಯಾರೂ ಇಲ್ಲದಾಗ ಕರೆಂಟು ಉಳಿಯಲೆಂದು ಇತ್ತೀಚೆಗೆ ಅಲ್ಲಿ ಹೊಸ ದೀಪ ಹಾಕಿದ್ದರು. ಮನುಷ್ಯ ಅಲ್ಲಾಡುತ್ತಿದ್ದರೆ ಉರಿಯುತ್ತದೆ, ಸುಮ್ಮನೆ ನಿಂತರೆ ಆರುತ್ತದೆ. ಹದಿನಾರು ಬ್ಲಾಕುಗಳನ್ನು ತೆಗೆದು ತಟ್ಟೆಗೆ ಹಾಕುವವರೆಗೆ ಅದು ಚೆನ್ನಾಗಿಯೇ ಉರಿಯಿತು. ಹದಿನೇಳನೆಯದರ ಖಾನೆ ಎಳೆದು ನಿಂತ. ಈ ಖಾನೆಯ ಮುಂದೆ ಅವನು ಮೊದಲ ಸಲ ನಿಂತದ್ದೇನಲ್ಲ. ವರ್ಷಕ್ಕೆ ಎರಡು ಮೂರು ಸಲ, ಬೇರೆ ಏನೋ ಹುಡುಕುವ ನೆಪದಲ್ಲಿ ಬಂದು, ಎಳೆದು, ಇದೆಯೆಂದು ನೋಡಿ, ಮುಚ್ಚಿ ಹೋಗುತ್ತಿದ್ದ. ಹೊರಗೆ ತೆಗೆದಿರಲಿಲ್ಲ. ಅಂಗಾಂಶ ಕಿವಿಯ ಆಕಾರದಲ್ಲಿತ್ತು, ಹಾಲೆ ಸಮೇತ ಒಂದು ಪುಟ್ಟ ಕಿವಿ, ಮೇಣದಲ್ಲಿ ಹೂತುಕೊಂಡು ಮೇಲಕ್ಕೆ ಮುಖಮಾಡಿ. ದೀಪ ಆರಿತು. ಕತ್ತಲಲ್ಲಿ ಅವನು ಉಸಿರು ಹಿಡಿದು ನಿಂತ, ಯಾರೋ ತನ್ನ ಉಸಿರನ್ನು ಕೇಳಿಸಿಕೊಳ್ಳುತ್ತಿದ್ದಾರೆ ಎನಿಸಿತು, ಬಂದದ್ದು ತಮ್ಮನೋ ಬೇರೆಯವನೋ ಎಂದು ಗುರುತು ಹಿಡಿಯುತ್ತಿದ್ದಾರೆ ಎನಿಸಿತು. ಕೊನೆಗೆ ಎಡಗೈ ಎತ್ತಿ ಬೀಸಿದ. ದೀಪ ಬಂತು. ಯಾರಿಗೆ ಕೈ ಬೀಸಿದೆನೋ ಎಂದುಕೊಂಡು ಬ್ಲಾಕನ್ನು ಜೇಬಿಗೆ ಹಾಕಿಕೊಂಡ. ತಟ್ಟೆಗೆ ಹಾಕಬೇಕಿತ್ತು. ಇವತ್ತಿನ ಪಾಲಿನ ಉಳಿದವನ್ನು ತಟ್ಟೆಗೇ ಹಾಕಿದ.

ಮೆಟ್ಟಿಲು ಹತ್ತುವಾಗ ಫೋನು ಬಡಿದುಕೊಂಡಿತು, ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಎತ್ತಿಕೊಂಡ. ಅಕ್ಕನ ಮಗಳು. ಈಜು ಕಲಿಸುವ ಕೆಲಸ ಅವಳದು, ಯಾವಾಗ ಮಾತಾಡಿದರೂ ಹಿಂದೆ ಕೊಳದ ಸದ್ದು, ನೀರು ಬಡಿಯುವುದು, ಮಕ್ಕಳ ಕೂಗು ಚಾವಣಿಗೆ ಹೊಡೆದು ಎರಡೆರಡಾಗಿ ಕೇಳುವುದು. ಅಂಥ ಸದ್ದಿನೊಳಗಿಂದ ಬರುವ ಅವಳ ದನಿ ಥೇಟು ಅವಳ ಅಮ್ಮನದು.

"ಮಾವ, ಸಿಕ್ತಾ?"

"ಏನು?"

"ಏನು ಅಂತ ಕೇಳ್ತೀಯಲ್ಲ! ಎರಡು ವಾರದಿಂದ ಬಡ್ಕೋತಿದ್ದೀನಿ. ಅಮ್ಮಂದು ಯಾವ ಥರದ್ದು ಅಂತ ಡಾಕ್ಟರು ಕೇಳಿದ್ದಾರೆ. ನಾಳೆ ಬೆಳಿಗ್ಗೆ ಹತ್ತಕ್ಕೆ ಹೋಗ್ಬೇಕು. ಅಮ್ಮಂದು ಜೋರಿನದಾಗಿದ್ರೆ ನನ್ನನ್ನ ಈಗಿನಿಂದ್ಲೇ ವರ್ಷ ವರ್ಷ ಪರೀಕ್ಷೆ ಮಾಡ್ತಾರಂತೆ, ರಕ್ತಾನೂ ಎಲ್ಲಿಗೋ ಕಳಿಸ್ತಾರಂತೆ. ಸಾಧು ಥರದ್ದಾಗಿದ್ರೆ ಅಷ್ಟೆಲ್ಲ ಬೇಡ್ವಂತೆ."

"ಹಳೇ ಕಾಗದ ಕಣೇ. ಹುಡುಕ್ತಿದ್ದೀನಿ."

"ಕಾಗದ ಸಿಗದಿದ್ರೆ ಹೋಗ್ಲಿ ಬಿಡು, ಸಾಧು ಅಂತಾನೇ ಬರೆದುಬಿಡ್ತೀನಿ. ನೀನು ಯಾವಾಗ್ಲೂ ಹಾಗೇ ಹೇಳ್ತಿದ್ದೆ ತಾನೆ? ಬಿಳೀ ಬಂತು, ಒಳ್ಳೇದು ಅಂತ."

ಮೆಟ್ಟಿಲಿನ ಕಂಬಿಯನ್ನು ಅವನ ಕೈ ಹಿಡಿದಿತ್ತು, ಹೆಬ್ಬೆರಳು ಮಾತ್ರ ಮೇಲಕ್ಕೆದ್ದು ನಿಂತಿತ್ತು. "ಇವತ್ತು ಸಂಜೆವರೆಗೂ ತಡಿ," ಎಂದ. "ಏನೂ ಬರೀಬೇಡ."

ಪುಟ್ಟಾ, ನಂದು ಹೇಗಿದೆಯೋ? ಹದಿನೈದು ವರ್ಷದ ಹಿಂದೆ ಅಕ್ಕ ಕೇಳಿದ್ದೂ ಫೋನಿನಲ್ಲೇ. ಲ್ಯಾಬಿನ ಗೋಡೆಗೆ ತಗುಲಿಸಿದ ಕಪ್ಪು ಫೋನು, ಅದರ ಸುರುಳಿ ವೈರು ಎಳೆದಷ್ಟೂ ಬರುತ್ತಿತ್ತು. ಹನ್ನೆರಡು ಗಾಜುಗಳನ್ನು ತಟ್ಟೆಯಲ್ಲಿ ಮಲಗಿಸಿ, ಪಿಪೆಟ್ ಹಿಡಿದು, ಹೆಬ್ಬೆರಳಿನಿಂದ ಒತ್ತಿ, ಒಂದೊಂದರ ಮೇಲೂ ಒಂದೊಂದು ಹನಿ ಬಿಡುತ್ತಿದ್ದ. ಕಾವಲು ಪ್ರೋಟೀನನ್ನು ಹುಡುಕಿ ಹಿಡಿಯುವ ಹನಿ ಅದು. ಅದು ಬಿದ್ದ ಮೇಲೆಯೇ ಮುಂದಿನ ಬಣ್ಣ. ಅಕ್ಕನದು ಐದನೆಯದು. ಅಕ್ಕಾ, ಈಗ ಬಣ್ಣ ಹಾಕ್ತಿದ್ದೀನಿ, ಫೋನಿಡು ಎಂದ. ಚೆನ್ನಾಗಿ ಹಾಕೋ, ಚೆಲ್ಲಬೇಡ ಎಂದು ಅವಳು ನಕ್ಕಳು. ಅವಳು ಅಚ್ಚುಕೂಟದಲ್ಲಿ ಕರಡು ತಿದ್ದುವವಳು. ಊರಿನವರ ತಪ್ಪು ಹುಡುಕುವುದೇ ಉದ್ಯೋಗ, ತಮ್ಮನ ಅಂಗಿಯ ಗುಂಡಿ ತಪ್ಪಿದ್ದರೂ ಬೀದಿಯ ಆ ತುದಿಯಿಂದಲೇ ಕೂಗಿ ಹೇಳುವವಳು. ಫೋನಿಟ್ಟು ವಾಪಸು ಬಂದು ನೋಡಿದರೆ ಎಲ್ಲ ಗಾಜೂ ಒಂದೇ ಥರ ಒದ್ದೆ, ಒಂದೇ ಥರ ಹೊಳಪು. ನಾಲ್ಕರವರೆಗೆ ಹಾಕಿದ್ದೆನೋ ಐದರವರೆಗೋ? ಐದಕ್ಕೆ ಹಾಕಿದ ಹಾಗಿತ್ತು. ಆರರಿಂದ ಮುಂದುವರಿಸಿದ. ಅನುಮಾನವಿದ್ದರೆ ಐದರ ಮೇಲೆ ಇನ್ನೊಂದು ಹನಿ ಬಿಟ್ಟಿದ್ದರೂ ಏನೂ ಕೆಡುತ್ತಿರಲಿಲ್ಲ. ಬಿಡಲಿಲ್ಲ. ಆರು ವರ್ಷದ ಅನುಭವದ ಕೈ ಮರೆಯಿತೆಂದು ತನಗೆ ತಾನೇ ಒಪ್ಪಿಕೊಳ್ಳಲು ನಾಚಿಕೆ. ಆ ನಾಚಿಕೆಯ ಆಯುಷ್ಯ ಎರಡು ಸೆಕೆಂಡು, ಅದರ ಬೆನ್ನಿಗೆ ಹದಿನೈದು ವರ್ಷ.

ಐದನೆಯ ಗಾಜು ಬಿಳಿಯಾಗಿ ಬಂತು. ಬಿಳಿಯೆಂದರೆ ಒಳ್ಳೆಯದೇ. ಆದರೆ ಕೆಡುಕು ಕೋಶಗಳ ಪಕ್ಕದಲ್ಲಿ ಒಳ್ಳೆಯ ಕೋಶಗಳೂ ಇರುತ್ತವಲ್ಲ, ಅವುಗಳಲ್ಲಿ ಒಂದೆರಡಾದರೂ ತೆಳ್ಳಗೆ ಕಂದು ಹಿಡಿದಿರಬೇಕು. ಇದರಲ್ಲಿ ಅದೂ ಇಲ್ಲ. ಬಾಡಿಗೆಯವರು ಬಿಟ್ಟುಹೋದ ಮನೆಯ ಹಾಗೆ ಈ ತುದಿಯಿಂದ ಆ ತುದಿಗೆ ಖಾಲಿ. ಇಷ್ಟು ಬಿಳಿ ಇರಕೂಡದು ಎಂದು ಅವನಿಗೆ ಆಗಲೇ ಗೊತ್ತಿತ್ತು. ಬಾಯಿ ಬಿಡಲಿಲ್ಲ. ಆಗಿನ ಹಿರಿಯ ಡಾಕ್ಟರು ನಲವತ್ತು ಗಾಜು ನೋಡಿ ದಣಿದಿದ್ದರು, ಇಣುಕಿ ನೋಡಿ "ನೆಗೆಟಿವ್. ನಿಮ್ಮಕ್ಕಂದಲ್ವಾ? ಒಳ್ಳೇದಾಯ್ತು ಬಿಡಯ್ಯ" ಎಂದು ಅವನ ಬೆನ್ನು ತಟ್ಟಿದರು. ಬೆನ್ನು ತಟ್ಟಿಸಿಕೊಂಡು ಅವನು ಗಾಜನ್ನು ವಾಪಸು ತಟ್ಟೆಗಿಟ್ಟ. ಆಪರೇಷನ್ ಮಾಡಿದ ಸರ್ಜನ್ ವರದಿ ನೋಡಿ, ಇದೊಂದನ್ನೇ ನಂಬಿ ಯಾರೂ ತೀರ್ಮಾನ ಮಾಡಲ್ಲ, ಆದರೆ ಗಡ್ಡೆ ಚಿಕ್ಕದು, ಇದೂ ಚೆನ್ನಾಗಿದೆ, ಇವರು ಇಷ್ಟೊಂದು ಹೆದರುತ್ತಿದ್ದಾರೆ, ಆ ಉಗ್ರವಾದ ಇಂಜೆಕ್ಷನ್‌ಗಳನ್ನು ಸದ್ಯಕ್ಕೆ ಬಿಡೋಣ ಎಂದರು. ಅಕ್ಕ ಖುಷಿಯಿಂದ ತಮ್ಮನ ಕೈ ಅದುಮಿದಳು. ಇಡೀ ಜಗತ್ತಿನ ಕರಡು ತಿದ್ದುವವಳು ತನ್ನ ವರದಿಯನ್ನು ಒಂದೇ ಸಲ ಓದಿ ಮಡಚಿಟ್ಟಳು, ತಮ್ಮನ ಕೈಯಿಂದ ಬಂದದ್ದೆಂದು. ಮೂರು ವರ್ಷಕ್ಕೆ ಮೂಳೆಗೆ ಹಬ್ಬಿತು. ಅದೇ ವರ್ಷ ಅಕ್ಕ ಹೋದಾಗ ಮಗಳಿಗೆ ಹದಿನೇಳು.

ಕತ್ತರಿಸುವ ಯಂತ್ರದ ಮುಂದೆ ಕೂತ. ಬ್ಲಾಕನ್ನು ಹಿಡಿಕೆಗೆ ಸಿಕ್ಕಿಸಿ ಚಕ್ರ ತಿರುಗಿಸಿದರೆ ಅದು ಬ್ಲೇಡಿನ ಮೇಲೆ ಇಳಿಯುತ್ತದೆ, ಕೂದಲೆಳೆಯನ್ನು ಇಪ್ಪತ್ತು ಪಾಲು ಮಾಡಿದಷ್ಟು ತೆಳ್ಳನೆಯ ಪೊರೆ ಏಳುತ್ತದೆ. ಹದಿನಾರು ಮುಗಿಸಿದ. ಹದಿನೇಳನೆಯದನ್ನು ಜೇಬಿನಿಂದ ತೆಗೆದಾಗ ಮೈಯ ಬಿಸಿಗೆ ಮೇಣ ಮೆತ್ತಗಾಗಿತ್ತು, ಅಂಗೈಯಲ್ಲಿ ಇಟ್ಟುಕೊಂಡರೆ ಈಗಷ್ಟೇ ಮಲಗಿ ಎದ್ದ ಮಗುವಿನ ಕಿವಿಯಷ್ಟು ಬೆಚ್ಚಗೆ. ಬೆಚ್ಚಿ ಅದನ್ನು ಐಸಿನ ತಟ್ಟೆಯ ಮೇಲೆ ಹಾಕಿದ. ಕಾಯುವಾಗ ಆ ಯೋಚನೆ ಬಂತು. ಬಂತೇನು, ನಿನ್ನೆ ಸಂಜೆಯಿಂದ ಬಾಗಿಲ ಬಳಿಯೇ ನಿಂತಿತ್ತು, ಈಗ ಒಳಗೆ ಬಂದು ಕೂತಿತು. ಬ್ಲಾಕಿನಲ್ಲಿ ಉಳಿದಿರುವುದೇ ಕಾಗದದ ದಪ್ಪ. ಯಂತ್ರದ ಅಳತೆಯನ್ನು ದಪ್ಪಕ್ಕೆ ತಿರುಗಿಸಿ ಹತ್ತು ಸುತ್ತು ಸುತ್ತಿದರೆ ಕಿವಿಯೆಲ್ಲ ಪುಡಿಯಾಗಿ ಕೆಳಗಿನ ಕಸದ ಬುಟ್ಟಿಗೆ ಉದುರುತ್ತದೆ. ಪಟ್ಟಿಯಲ್ಲಿ ಹದಿನೇಳರ ಮುಂದೆ "ಅಂಗಾಂಶ ಮುಗಿದಿದೆ" ಎಂದು ಬರೆದರಾಯಿತು. ಹಳೆಯ ಬ್ಲಾಕುಗಳಲ್ಲಿ ದಿನಾ ಆಗುವ ಮಾತು, ಯಾರೂ ಹುಬ್ಬೇರಿಸುವುದಿಲ್ಲ. ಹಾಗಾದರೆ ಹನಿ ಹಾಕಿದ್ದೆನೋ ಇಲ್ಲವೋ ಎನ್ನುವುದು ಎಂದೆಂದಿಗೂ ಪ್ರಶ್ನೆಯಾಗಿಯೇ ಉಳಿಯುತ್ತದೆ. ಪ್ರಶ್ನೆಯ ಜೊತೆ ಸಂಸಾರ ಮಾಡಿ ಅವನಿಗೆ ಅಭ್ಯಾಸವಾಗಿದೆ. ಉತ್ತರದ ಜೊತೆ ಹೇಗೋ ಗೊತ್ತಿಲ್ಲ.

ಅಳತೆ ತಿರುಗಿಸಿದ. ಚಕ್ರವನ್ನು ಒಂದು ಸುತ್ತು ಸುತ್ತಿದ. ಎರಡು. ಬಿಳಿ ಪುಡಿ ಉದುರಿತು. ಕಿವಿಯ ಹಾಲೆ ಮಾಯವಾಯಿತು.

ಮೂರನೆಯ ಸುತ್ತಿಗೆ ಕೈ ಏಳಲಿಲ್ಲ. ಧರ್ಮ ಕರ್ಮದ ಮಾತು ಬೇಡ, ಅಷ್ಟು ದೊಡ್ಡ ಮನುಷ್ಯ ಅವನಲ್ಲ. ಅವಳದು ಎನ್ನುವ ಮೈ ಈ ಲೋಕದಲ್ಲಿ ಉಳಿದಿರುವುದು ಇಷ್ಟೇ ಎಂದು ಥಟ್ಟನೆ ಹೊಳೆದು ಅವನಿಗೆ ಅಳು ಬಂತು. ಅವಳನ್ನು ತಿಂದ ಗಡ್ಡೆಯೇ ಇರಬಹುದು, ಆದರೂ ಅವಳದು. ಉಳಿದದ್ದನ್ನೆಲ್ಲ ಸುಟ್ಟು ಬೂದಿ ಮಾಡಿ ಹನ್ನೆರಡು ವರ್ಷವಾಗಿತ್ತು. ಕೋಟಿನ ತೋಳಿನಲ್ಲಿ ಮೂಗೊರೆಸಿಕೊಂಡು, ಅಳತೆಯನ್ನು ಮತ್ತೆ ತೆಳ್ಳಗೆ ಮಾಡಿ, ಉಸಿರು ಬಿಗಿಹಿಡಿದು ಚಕ್ರ ತಿರುಗಿಸಿದ. ಪೊರೆ ಎದ್ದಿತು. ಬ್ರಷ್ಷಿನ ತುದಿಯಿಂದ ಎತ್ತಿ ಬೆಚ್ಚನೆಯ ನೀರಿನ ಮೇಲೆ ಬಿಟ್ಟ. ಅದು ಸುಕ್ಕು ಬಿಡಿಸಿಕೊಂಡು ಮೆಲ್ಲಗೆ ಅಗಲವಾಯಿತು, ಯಾರೂ ಮುಟ್ಟದೆ ಒಂದು ಸಲ ಎಡಕ್ಕೆ ತಿರುಗಿತು, ನಿಂತಿತು. ಗಾಜು ಅದ್ದಿ ಅದನ್ನು ಎತ್ತಿಕೊಂಡ. ಹೆಬ್ಬೆರಳು ಗಾಜಿನ ಅಂಚನ್ನು ಗಟ್ಟಿಯಾಗಿ ಹಿಡಿದಿತ್ತು.

ಈಗ ಹನಿ ಹಾಕುವುದು ಯಂತ್ರ. ಅದಕ್ಕೆ ಫೋನು ಬರುವುದಿಲ್ಲ, ನಾಚಿಕೆಯೂ ಇಲ್ಲ. ಅಷ್ಟು ಸಾಲದೆಂದು ಈಗ ಪ್ರತಿ ಗಾಜಿನ ಮೇಲ್ತುದಿಯಲ್ಲಿ ಬಣ್ಣ ಹಿಡಿದೇ ಹಿಡಿಯುತ್ತದೆ ಎಂದು ಗೊತ್ತಿರುವ ಬೇರೊಂದು ಅಂಗಾಂಶದ ಚೂರನ್ನೂ ಅಂಟಿಸಿರುತ್ತಾರೆ, ಅದು ಕಂದಾದರೆ ಹನಿ ಬಿದ್ದಿದೆ ಎಂದು ಖಾತ್ರಿ. ಉಳಿದ ಬ್ಲಾಕುಗಳನ್ನೂ ಕತ್ತರಿಸಿ, ಗಾಜುಗಳನ್ನು ಜೋಡಿಸಿ ಮುಚ್ಚಳ ಹಾಕಿ, ಮಧ್ಯಾಹ್ನದ ಊಟ ಬಿಟ್ಟು ಅದರ ಮುಂದೆಯೇ ಕೂತ. ಒಳಗೆ ತೋಳು ಟಿಕ್ಕೆಂದು ಸರಿಯುವುದು, ನಿಲ್ಲುವುದು, ಸರಿಯುವುದು. ಹೊರಗಿನಿಂದ ನೋಡಿದವರಿಗೆ ರೋಗಿಯನ್ನು ನೋಡಲು ಬಂದ ನಂಟನಂತೆ ಕಾಣುತ್ತಿದ್ದನೋ ಏನೋ. ಕಂದು ಬರಲಿ ಎನ್ನಬೇಕೋ ಬಿಳಿ ಬರಲಿ ಎನ್ನಬೇಕೋ ಗೊತ್ತಾಗಲಿಲ್ಲ. ಕಂದು ಬಂದರೆ ಆವತ್ತು ಹನಿ ಬೀಳಲಿಲ್ಲ, ಅಕ್ಕನನ್ನು ಕೊಂದವನು ತಾನು. ಬಿಳಿ ಬಂದರೆ ಹನಿ ಬಿದ್ದಿತ್ತು. ಬಿಳಿ ಬರಲಿ, ಬಿಳಿ ಬರಲಿ ಎಂದು ತುಟಿ ಅಲ್ಲಾಡಿಸುತ್ತಿದ್ದಾನೆಂದು ಗೊತ್ತಾದಾಗ ಬಾಯಿ ಮುಚ್ಚಿಕೊಂಡ.

ಇಂಥ ಹೊತ್ತಿಗೆಂದೇ ಅವನ ಬಳಿ ಒಂದು ನೆನಪಿತ್ತು. ಬಸ್ಸಿನಲ್ಲಿ, ಹಾಸಿಗೆಯಲ್ಲಿ, ಎದೆ ಭಾರವಾದಾಗಲೆಲ್ಲ ಅದನ್ನು ತೆಗೆದು ನೋಡಿಕೊಳ್ಳುತ್ತಿದ್ದ. ಆಪರೇಷನ್ನಿನ ದಿನದ್ದು. ಥಿಯೇಟರಿನ ಬಾಗಿಲಲ್ಲಿ ನರ್ಸು ಗಡ್ಡೆಯ ಡಬ್ಬಿ ಹಿಡಿದು ಲ್ಯಾಬಿಗೆ ಒಯ್ಯುವವರನ್ನು ಕೂಗುತ್ತಿದ್ದಾಗ, ಆ ಜನ ಅದಲುಬದಲು ಮಾಡಿಬಿಡುತ್ತಾರೆಂದು ಹೆದರಿ, "ನನ್ನ ಅಕ್ಕಂದು, ನಾನೇ ತಗೊಂಡು ಹೋಗ್ತೀನಿ" ಎಂದು ಕೈಚಾಚಿ ಇಸಕೊಂಡಿದ್ದ. ಅಷ್ಟರಲ್ಲಿ ಅಕ್ಕನ ಗಾಡಿಯೂ ಹೊರಗೆ ಬಂತು. ಮುಖ ಬಿಳಿಚಿ, ಬಾಯಿ ಅರ್ಧ ತೆರೆದು. ಆ ಮುಖ ಬಿಟ್ಟು ಹೋಗಲಾಗದೆ ಗಾಡಿಯ ಜೊತೆಗೇ ನಡೆದ. ಮಂಚದ ಪಕ್ಕ ಸ್ಟೂಲಿನ ಮೇಲೆ, ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದು, ಕಿಟಕಿಯ ಬಿಸಿಲು ಗೋಡೆಯಿಂದ ಇಳಿದು ನೆಲ ದಾಟಿ ಮಂಚದ ಕಾಲು ಹತ್ತುವವರೆಗೂ ಕದಲದೆ ಕೂತಿದ್ದ. ಅವಳು ಕಣ್ಣು ಬಿಟ್ಟು, ತೊದಲುತ್ತ, "ಏನೋ ಅದು ಡಬ್ಬಿ? ನಂಗೇನಾದ್ರೂ ತಿನ್ನೋಕೆ ತಂದ್ಯಾ?" ಎಂದಳು. "ಇಲ್ಲಕ್ಕಾ, ಇದು ನಿಂದೇ," ಎಂದ. ಅವಳಿಗೆ ನಗು ಉಕ್ಕಿತು, ಹೊಲಿಗೆ ನೋಯುತ್ತೆ ನಗಿಸಬೇಡ್ವೋ ಎಂದು ಅಳುತ್ತ ನಕ್ಕಳು, ಇವನೂ ನಕ್ಕ. ಬೇರೆ ಏನೇ ಮಾಡಿರಲಿ ಮಾಡದಿರಲಿ, ಅವಳು ಕಣ್ಣು ಬಿಟ್ಟಾಗ ಎದುರಿಗಿದ್ದೆ. ಅಕ್ಕನ ಮಗಳಿಗೆ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾನೋ ಲೆಕ್ಕವಿಲ್ಲ.

ನಾಲ್ಕೂವರೆಗೆ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತ ಬಂದು ಇಬ್ಬರು ನೋಡುವ ಮೈಕ್ರೋಸ್ಕೋಪಿನ ಆಚೆ ಕೂತಳು. "ಬನ್ನಿ ಸರ್, ನೀವೂ ನೋಡಿ. ನಿಮ್ಮ ಕಣ್ಣು ಹಳೇದು." ಒಂದರಿಂದ ಹದಿನಾರರವರೆಗೆ ಆಕೆ ಎಣಿಸುತ್ತ ಹೋದಳು, ಅವನು ಬರೆದುಕೊಂಡ. ಕಂದು, ತೆಳುಗಂದು, ಅರ್ಧ ಕಂದು. ಹದಿನೇಳನೆಯ ಗಾಜು ಬೆಳಕಿನ ಮೇಲೆ ಬಂದಾಗ ಅವನು ಮೊದಲು ಮೇಲ್ತುದಿಯ ಚೂರನ್ನು ನೋಡಿದ. ಅದು ಚೆನ್ನಾಗಿ ಕಂದಾಗಿತ್ತು. ಹನಿ ಬಿದ್ದಿದೆ. ಆಕೆ ಗಾಜನ್ನು ಸರಿಸಿದಳು.

ಬಿಳಿ.

ಅದೇ ಬಿಳಿ. ಈ ತುದಿಯಿಂದ ಆ ತುದಿಗೆ ಅದೇ ಖಾಲಿ ಮನೆ. ಅವನಿಗೆ ನಗು ಬರುವಂತಾಯಿತು. ಹಾಕಿದ್ದೆ. ಹನಿ ಹಾಕಿದ್ದೆ. ಆವತ್ತೂ ಇದು ಹೀಗೇ ಇತ್ತು. ಬೆಳಗಿನಿಂದ ತನ್ನದಲ್ಲದ ಹೆಬ್ಬೆರಳು ಈ ಒಂದು ನಿಮಿಷದಲ್ಲಿ ವಾಪಸು ಬಂತು, ಪೆನ್ನನ್ನು ಒತ್ತಿ ಹಿಡಿದು ನೋಡಿದ. ಅಕ್ಕ ಸತ್ತದ್ದು ತನ್ನಿಂದಲ್ಲ ಎಂದು ಕುಣಿಯುವಷ್ಟು ಸಂತೋಷವಾಯಿತು, ಅಂಥ ಸಂತೋಷಕ್ಕೆ ನಾಚಿಕೆಯಾಗಲೂ ಪುರುಸೊತ್ತಿರಲಿಲ್ಲ.

"ನೆಗೆಟಿವ್ ಅಂತ ಬರೀಲಾ ಮೇಡಂ?"

"ಬೇಡ ಬೇಡ, ತಡೀರಿ." ಆಕೆ ಕಣ್ಣು ಕಿರಿದು ಮಾಡಿ ಗಾಜನ್ನು ಹಿಂದೆ ಮುಂದೆ ಸರಿಸಿದಳು. "ಮೇಲಿನ ಕಂಟ್ರೋಲ್ ಚೂರು ಹಿಡಿದಿದೆ, ಬಣ್ಣದ್ದು ತಪ್ಪಿಲ್ಲ. ಆದರೆ ಪಕ್ಕದ ಒಳ್ಳೇ ಕೋಶಗಳು ನೋಡಿ. ಅವೂ ಒಂದೂ ಹಿಡಿದಿಲ್ಲ. ಅವಾದ್ರೂ ಚೂರು ಹಿಡಿದಿದ್ರೆ ಈ ಬಿಳಿಗೆ ಏನೋ ಒಂದು ಅರ್ಥ ಇರ್ತಿತ್ತು. ಕೋಶದ ಅಂಚೆಲ್ಲ ಹೇಗೆ ಕಲಸಿಹೋಗಿದೆ ನೋಡಿ, ಮಂಕು ಮಂಕು. ಇದು ಬಣ್ಣಕ್ಕೆ ಬರೋ ಮೊದ್ಲೇ ಸತ್ತಿದೆ ಸರ್."

"ಅಂದ್ರೆ?"

"ನೀವೇ ದಿನಾ ವಾರ್ಡಿನವರಿಗೆ ಬಯ್ತೀರಲ್ಲ, ಅದೇ. ಮೈಯಿಂದ ತೆಗೆದ ಮೇಲೆ ಫಾರ್ಮಲಿನ್‌ಗೆ ಹಾಕಿಲ್ಲ. ಒಂದೆರಡು ಗಂಟೆ ಅಲ್ಲ, ಇದು ಜಾಸ್ತೀನೇ. ಪ್ರೋಟೀನೆಲ್ಲ ಹಾಳಾಗಿದೆ. ಇದಕ್ಕೆ ಆವತ್ತು ಬಣ್ಣ ಹಾಕಿದ್ರೂ ಹೀಗೇ ಬರ್ತಿತ್ತು, ಇನ್ನು ನೂರು ಸಲ ಹಾಕಿದ್ರೂ ಹೀಗೇ. ಆ ಹೆಂಗಸಿನ ಕಾವಲು ಕೆಟ್ಟಿತ್ತೋ ಇಲ್ವೋ ಯಾರಿಗೂ ಗೊತ್ತಾಗೋ ಹಾಗಿಲ್ಲ." ಆಕೆ ಬೆನ್ನು ನೆಟ್ಟಗೆ ಮಾಡಿ ಕತ್ತು ಸವರಿಕೊಂಡಳು. "ಯಾರೋ ಪುಣ್ಯಾತ್ಮ ಡಬ್ಬೀನ ಕೈಲಿ ಹಿಡ್ಕೊಂಡು ಕೂತಿದ್ದ ಅಂತ ಕಾಣುತ್ತೆ. ಅಧ್ಯಯನದಿಂದ ತೆಗೆದುಬಿಡಿ. ಮುಂದಿನದು?"

ಮುಂದಿನದನ್ನು ಅವನು ಇಟ್ಟ. ಅದರ ಮುಂದಿನದನ್ನೂ ಇಟ್ಟ. ಆಕೆ ಎಣಿಸಿದ್ದನ್ನು ತಪ್ಪಿಲ್ಲದೆ ಬರೆದುಕೊಂಡ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಅವನು ಮಾತ್ರ ಒಂದು ಕಿಟಕಿಯ ಬಿಸಿಲನ್ನು ನೋಡುತ್ತಿದ್ದ. ಗೋಡೆಯ ಮೇಲಿದ್ದಾಗ ಹನ್ನೊಂದು ಗಂಟೆ. ನೆಲಕ್ಕೆ ಇಳಿದಾಗ ಹನ್ನೆರಡೂವರೆ. ಮಂಚದ ಕಾಲು ಹತ್ತಿದಾಗ ಮೂರು. ಲ್ಯಾಬು ಎರಡೇ ಮಹಡಿ ಕೆಳಗೆ. ಡಬ್ಬಿಯಲ್ಲಿ ಬರೀ ಒದ್ದೆ ಬಟ್ಟೆ, ಫಾರ್ಮಲಿನ್ ಹಾಕುತ್ತಿದ್ದದ್ದು ಇಲ್ಲಿ ಬಂದ ಮೇಲೆ. ತೊಡೆಯ ಮೇಲೆ, ಎರಡೂ ಅಂಗೈಗಳ ಬಿಸಿಯಲ್ಲಿ, ಅದನ್ನು ಜೋಪಾನವಾಗಿ ಹಿಡಿದುಕೊಂಡಿದ್ದ. ಎಂಟು ವರ್ಷದಿಂದ ಊರಿಗೆಲ್ಲ ನಿಮಿಷದ ಲೆಕ್ಕ ಹೇಳುತ್ತ ಬಂದಿದ್ದಾನೆ, ಗೋಡೆಗೆ ಮೊಳೆ ಹೊಡೆದಿದ್ದಾನೆ, ಬೆಳಿಗ್ಗೆ ಬಡಪಾಯಿ ಆಯಾಳನ್ನು ಟೀ ಕುಡಿದದ್ದಕ್ಕೆ ಹೀನಾಮಾನ ಬೈದಿದ್ದಾನೆ. ಒಂದೇ ಒಂದು ಸಲ, ಒಂದೇ ಒಂದು ಸಲವಾದರೂ ಆ ಡಬ್ಬಿ ಅವನ ಲೆಕ್ಕಕ್ಕೆ ಬರಲಿಲ್ಲ. ಹೇಗೆ ಬರಲಿಲ್ಲ? ಹನಿಯ ತಪ್ಪನ್ನು ದಿನ ಬೆಳಗಾದರೆ ಎತ್ತಿ ಆಡಿಸುತ್ತಿದ್ದವನು ಅದರ ಹಿಂದೆ ಇದನ್ನು ಮಲಗಿಸಿಟ್ಟಿದ್ದನೇ? ಮೈಕ್ರೋಸ್ಕೋಪಿನ ಕಣ್ಣಿನಲ್ಲಿ ಯಾರದೋ ಕೋಶಗಳು ಕಂದಾಗಿ ಚೆಲ್ಲಿಕೊಂಡಿದ್ದವು. ಅವುಗಳ ನಡುವಿನಿಂದ ಯಾರೋ ನಕ್ಕಂತಾಯಿತು. ಹೊಲಿಗೆ ನೋಯುತ್ತೆ, ನಗಿಸಬೇಡ್ವೋ.

ಐದೂಮುಕ್ಕಾಲಿಗೆ ಡಾಕ್ಟರಮ್ಮ ಹೊರಟುಹೋದಳು. ಅವನು ಪಟ್ಟಿಯ ಹದಿನೇಳನೆಯ ಸಾಲಿನ ಮೇಲೆ ಗೆರೆ ಎಳೆದ. ೨೨೧೭ರ ಬ್ಲಾಕು ಮೇಜಿನ ಮೇಲೆ ಕೂತಿತ್ತು. ಹಾಲೆಯಿಲ್ಲದ, ಸವೆದ ಕಿವಿ, ಅವನ ಕಡೆಗೇ ತಿರುಗಿಕೊಂಡು. ಅದನ್ನು ಮಗುಚಿ ಹಾಕೋಣ ಎಂದು ಕೈ ಚಾಚಿದವನು ಹಾಗೇ ಬಿಟ್ಟ. ಕೇಳುವುದಾದರೆ ಕೇಳಲಿ. ಬೇರೆ ದಾರಿಯೂ ಇತ್ತು. ಜೋರಿನದೇ ಕಣೇ, ಕಾಗದ ಸಿಕ್ಕಿತು ಎಂದು ಒಂದು ಸುಳ್ಳು ಹೇಳಿದರೆ ಅವಳಿಗೆ ಬೇಕಾದ ಪರೀಕ್ಷೆಗಳೆಲ್ಲ ಆಗುತ್ತವೆ, ಡಬ್ಬಿಯ ಕಥೆ ಡಬ್ಬಿಯ ಕಥೆಯಾಗಿಯೇ ಉಳಿಯುತ್ತದೆ. ಫೋನು ಒತ್ತಿದ. ಕೊಳದ ಸದ್ದು ಬಂತು, ಸೀಟಿಯ ಸದ್ದು, ಎರಡೆರಡಾಗಿ ಮಕ್ಕಳ ಕೂಗು.

"ಸಿಕ್ತಾ ಮಾವ?"

"ಸಿಕ್ತು. ಸಾಧು ಅಂತ ಬರೀಬೇಡ. ಗೊತ್ತಿಲ್ಲ ಅಂತ ಬರಿ. ಗೊತ್ತಾಗೋ ಹಾಗೂ ಇಲ್ಲ ಅಂತ ಡಾಕ್ಟರಿಗೆ ಹೇಳು. ಅವರು ಏನೇನು ಪರೀಕ್ಷೆ ಹೇಳ್ತಾರೋ ಎಲ್ಲಾ ಮಾಡಿಸ್ಕೋ, ಒಂದೂ ಬಿಡಬೇಡ."

"ಬಿಳೀ ಬಂತು ಅಂತಿದ್ಯಲ್ಲ?"

"ಬಿಳೀನೇ. ಆ ಬಿಳಿಗೆ ಅರ್ಥ ಇರ್ಲಿಲ್ಲ. ಇಷ್ಟು ಬಿಳಿ ಇರಬಾರ್ದು ಅಂತ ನಂಗೆ ಆವತ್ತೇ ಅನುಮಾನ ಬಂದಿತ್ತು. ಯಾರಿಗೂ ಹೇಳ್ಲಿಲ್ಲ. ನಿಮ್ಮಮ್ಮಂಗೂ."

ಆ ಕಡೆ ನೀರು ಬಡಿಯುತ್ತಲೇ ಇತ್ತು.

"ಮಾವ," ಎಂದಳು, ಅವಳ ಅಮ್ಮನ ದನಿಯಲ್ಲಿ, "ಏನಾಯ್ತು?"

"ಆಪರೇಷನ್ ದಿನ ನಿಮ್ಮಮ್ಮ ಕಣ್ಣು ಬಿಡೋವರೆಗೂ ಪಕ್ಕದಲ್ಲೇ ಕೂತಿದ್ದೆ ಅಂತ ಹೇಳ್ತಿರ್ತೀನಲ್ಲ?"

"ಡಬ್ಬಿ ಕಥೆ ತಾನೆ? ನೂರು ಸಲ ಹೇಳಿದ್ದೀಯ."

"ಎಷ್ಟು ಹೊತ್ತು ಕೂತಿದ್ದೆ ಅಂತ ಹೇಳಿಲ್ಲ," ಎಂದ. "ಈಗ ಹೇಳ್ತೀನಿ, ಕೇಳು."

ಅವಳು ನೀರಿನಿಂದ ದೂರ ನಡೆದಳು, ಒಂದು ಬಾಗಿಲು ಹಾಕಿಕೊಂಡ ಸದ್ದಾಯಿತು.